ಹೊಸತೊಡಕಿನ ಗೌಜಲ ಬೇಟೆ

ನಾನು ಜನ್ಮದಲ್ಲಿ ಒಂದೇ ಒಂದು ದಿನ ಬೇಟೆಗೆಂದು ಕೋವಿ ಹಿಡಿದಿದ್ದೇನೆ. ಆ ದಿನ ಹಕ್ಕಿಗಳಿಗೆ ನನ್ನಿಂದ ಯಾವ ತೊಂದರೆಯೂ ಆಗಲಿಲ್ಲ. ಗಂಡಾಂತರ ಇದ್ದದ್ದು ಮನುಷ್ಯರಿಗೆ.

ಎಪ್ಪತ್ತರ ದಶಕದ ಕೊನೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿಯುತ್ತಾ ಲಗ್ಗೆರೆಯಲ್ಲಿ ಸಂಸಾರ ಹೂಡಿದ್ದೆ. ಮದುವೆಯಾದ ಮೊದಲ ಯುಗಾದಿಗೆ ಬೇಗೂರಿನ ಮಾವನ ಮನೆಗೆ ಹೋದೆವು. ಮಾವ ಮುನಿಶಾಮಪ್ಪ ಮಾತು ಕಡಿಮೆಯ ರೈತ. ಆ ಮೌನವನ್ನು ತುಂಬಿಸಲು ಹೋಗಿ, ಕಾಲೇಜಿನಲ್ಲಿ ಖಾಕಿ ತೊಟ್ಟು ಹಲಗೆಗೆ ಐದು ಗುಂಡು ಹೊಡೆದ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ಹಲಗೆ ಅದು ಹೇಗೋ ಕಾಡುಹಂದಿಯಾಗಿಬಿಟ್ಟಿತು.

"ಅಂಗಾದ್ರೆ ನಾಳೆ ಗೌಜಲ ಬೇಟೆಗೆ ಬನ್ನಿ ಅಳಿಯಂದ್ರೇ," ಎಂದರು ಮಾವ. ಹಬ್ಬದ ಮರುದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಅದಕ್ಕೆ ಬೇಟೆಯ ಹಕ್ಕಿಯೂ ಸೇರಿದರೆ ಅಳಿಯನ ಮರ್ಯಾದೆ ಒಂದು ಮೆಟ್ಟಿಲು ಮೇಲೆ.

ಗೌಜಲ ಮಣ್ಣಿನ ಬಣ್ಣದ, ಕೋಳಿಗಿಂತ ಚಿಕ್ಕ ಹಕ್ಕಿ. ಕೂಗಿ ಕೂಗಿ ಗೌಜು ಎಬ್ಬಿಸುವುದರಿಂದಲೇ ಅದಕ್ಕೆ ಆ ಹೆಸರು ಬಂದಿರಬೇಕೆಂಬುದು ನನ್ನ ಸ್ವಂತ ಸಂಶೋಧನೆ. ಪಂಡಿತರು ಯಾರೂ ಒಪ್ಪಿಲ್ಲ, ನಾನು ಕೇಳಿಯೂ ಇಲ್ಲ. ಚೈತ್ರ ಬಂತೆಂದರೆ ಗಂಡು ದಿಣ್ಣೆ ಹತ್ತಿ ಕೂಗುತ್ತದೆ. ಹೆಣ್ಣಿನ ದನಿಯಲ್ಲಿ ಓಗೊಟ್ಟರೆ ತಾನಾಗಿಯೇ ನಡೆದು ಬರುತ್ತದೆ. ಕ್ಯಾಂಟೀನಿನಲ್ಲಿ ಫೋರ್‌ಮನ್ ದನಿಯನ್ನು ಅನುಕರಿಸಿ ಹೆಸರು ಮಾಡಿದ್ದ ನನಗೆ ಇದೇನು ಮಹಾ ಎನ್ನಿಸಿತು.

ಬೆಳಕು ಹರಿಯುವಷ್ಟರಲ್ಲಿ, ಮಾವ ಕೊಟ್ಟ ಕೋವಿ ನನ್ನ ಹೆಗಲ ಮೇಲೆ, ರಾಗಿ ಕೊಯ್ದ ಹೊಲದಲ್ಲಿದ್ದೆವು. ಬಟ್ಟಬಯಲು. ನಾವು ಹಕ್ಕಿಯನ್ನು ನೋಡುವ ಮೊದಲೇ ಹಕ್ಕಿ ನಮ್ಮನ್ನು ನೋಡಿ, ಅವಸರವೇನೂ ಇಲ್ಲದೆ ನಡೆದುಹೋಯಿತು. ಅಲ್ಲಿಂದ ಗೋಮಾಳದ ಲಂಟಾನ ಪೊದೆಗಳಿಗೆ ಬಂದೆವು. ಅಲ್ಲಿ ನಾಲ್ಕೂ ದಿಕ್ಕಿನಲ್ಲಿ ಕೂಗು, ಕಣ್ಣಿಗೆ ಒಂದು ಪುಕ್ಕವೂ ಇಲ್ಲ. ನೀಲಗಿರಿ ತೋಪಿನಲ್ಲಂತೂ ನನ್ನ ಕಾರ್ಖಾನೆಯ ಬೂಟು ತರಗೆಲೆಯ ಮೇಲೆ ಬಿದ್ದಾಗಲೆಲ್ಲ ಹಪ್ಪಳದ ಮೂಟೆ ತುಳಿದಂತಾಗುತ್ತಿತ್ತು. ಮಾವ ನಿಂತು ಬೂಟನ್ನೇ ನೋಡಿದರು. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ.

ಕೊನೆಗೆ ಕೆರೆಯ ಅಂಚಿಗೆ ಬಂದೆವು. ಜೊಂಡಿನ ಮರೆಯಲ್ಲಿ ಕುಳಿತು ಹೆಣ್ಣು ಗೌಜಲದಂತೆ ಕೂಗಿದೆ. ಆಚೆಯಿಂದ ಉತ್ತರ ಬಂತು! ಮತ್ತೆ ಕೂಗಿದೆ, ಮತ್ತೆ ಉತ್ತರ, ಇನ್ನಷ್ಟು ಹತ್ತಿರದಿಂದ. ಎದುರಿನ ಜೊಂಡು ಅಲ್ಲಾಡಿತು. ಕೋವಿ ಎತ್ತಿದೆ.

ಮಾವ ನಳಿಗೆಯನ್ನು ಹಿಡಿದು ಆಕಾಶಕ್ಕೆ ತಿರುಗಿಸಿದರು. "ಕಣ್ಗೆ ಕಾಣ್ದೇ ಇರೋದ್ಕೆ ಗುರಿ ಇಡಬ್ಯಾಡ್ರಿ."

ಜೊಂಡನ್ನು ಸರಿಸಿಕೊಂಡು ಎದ್ದು ನಿಂತಿದ್ದು ಹಕ್ಕಿಯಲ್ಲ, ಚಿಕ್ಕತಾಯಮ್ಮ. ಉರುಲು ಹಾಕಿ ಹಕ್ಕಿ ಹಿಡಿಯುವುದರಲ್ಲಿ ಊರಿಗೇ ಹೆಸರಾದ ಮುದುಕಿ. ಸೊಂಟದಲ್ಲಿ ಆಗಲೇ ಮೂರು ಗೌಜಲಗಳು ನೇತಾಡುತ್ತಿದ್ದವು.

"ಅಯ್ಯೋ, ನೀವಾ? ಯಾವ್ದೋ ಕಾಯ್ಲೆ ಬಿದ್ದಿರೋ ಹಕ್ಕಿ, ಸುಲ್ಬವಾಗಿ ಸಿಗ್ತದೆ ಅಂತ ಕೂಗ್ತಾ ಬಂದೆ ಕಣಪ್ಪ!"

ಅವಳು ನಕ್ಕಳು. ನಾನು ಮಾತ್ರ, ಬೆರಳು ಇನ್ನೊಂದಿಷ್ಟು ಅದುಮಿದ್ದರೆ ಎಂದು ನೆನೆದು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಮುದುಕಿ ಏನು ಕಂಡಳೋ, ಒಂದು ಹಕ್ಕಿ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. "ತಗೊಳ್ಳಿ, ಒಸಾ ಅಳಿಯ. ಬರಿಗೈಲಿ ಓಗ್ಬಾರ್ದು."

ಮಧ್ಯಾಹ್ನ ಪಂಕ್ತಿಯಲ್ಲಿ ನೆಂಟರೆಲ್ಲ ಕೂತಿದ್ದರು. ಮಾತು ಕಡಿಮೆಯ ಮಾವ ಅಂದು ಬಾಯಿ ಬಿಟ್ಟರು: "ಅಳಿಯಂದ್ರು ಕರೆದ್ರು, ಹಕ್ಕಿ ಬಂತು." ಎಲ್ಲರೂ ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಬಡಿಸುತ್ತಿದ್ದ ನನ್ನ ಹೆಂಡತಿ ಜಯಮ್ಮ ಮಾತ್ರ ಹುಬ್ಬೇರಿಸಿದಳು. ಮುರಿದ ಮುದ್ದೆಯನ್ನು ಎಲೆಯಲ್ಲೇ ಬಿಟ್ಟೆ. "ಬಂದದ್ದು ಹಕ್ಕಿಯಲ್ಲ, ಚಿಕ್ಕತಾಯಮ್ಮ," ಎಂದು ಕಾಡುಹಂದಿಯೂ ಸೇರಿದಂತೆ ಎಲ್ಲವನ್ನೂ ಹೇಳಿಬಿಟ್ಟೆ.

ಪಂಕ್ತಿಯಲ್ಲಿ ಎದ್ದ ನಗುವಿಗೆ ಅಟ್ಟದ ಮೇಲಿನ ಬೆಕ್ಕು ಕೆಳಗೆ ಹಾರಿ ಓಡಿತು. ಮಾವ ಕಣ್ಣೊರೆಸಿಕೊಳ್ಳುತ್ತಾ ನಕ್ಕಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಅತ್ತೆ ಒಳಗಿನಿಂದ ಬಂದು ಗೌಜಲದ ತೊಡೆಯನ್ನು ನನ್ನ ಎಲೆಗೆ ಹಾಕಿದರು.

"ಶಿಕಾರಿ ಮಾಡೋರು ನಮ್ಮನೇಲೇ ಬೇಕಾದಷ್ಟು ಜನ ಅವ್ರೆ," ಎಂದರು. "ನಿಜ ಯೋಳೋ ಗಂಡಸು ಇವತ್ತೇ ಸಿಕ್ಕಿದ್ದು. ತಿನ್ನಪ್ಪ."