ಅಕ್ಕನ ಕೋಣೆಯ ಉಪ್ಪುನೀರು

ಹಲ್ಲುಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವನ ದನಿ ಕೇಳಿದವರು ಕಡಿಮೆ. ಮೂವತ್ತೊಂದು ವರ್ಷಗಳಿಂದ ಒಬ್ಬರೇ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವನ ಕೆಲಸ. ವೈದ್ಯರು ಬಾಯಿಯ ಅಚ್ಚು ತೆಗೆದು ಒಳಗೆ ಕಳಿಸುತ್ತಾರೆ. ಮೇಸ್ತ್ರಿ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಆಮೇಲೆ ಮೇಣದ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಬೇಯಿಸಿ, ಉಜ್ಜಿ ಹೊಳಪು ಕೊಡುತ್ತಾನೆ. ಊರಿನ ಅರ್ಧ ಮುದುಕರು ನಗುವುದು ಅವನು ಮಾಡಿದ ಹಲ್ಲಿನಲ್ಲೇ. ಅವರಲ್ಲಿ ಒಬ್ಬರ ಮುಖವನ್ನೂ ಅವನು ಕಂಡಿಲ್ಲ. "ಎಲ್ಲರಿಗೂ ಬಾಯಿ ಕೊಡೋ ಈ ಮನುಷ್ಯನಿಗೇ ಬಾಯಿಲ್ಲ" ಎಂದು ನರ್ಸಮ್ಮ ತಮಾಷೆ ಮಾಡಿದರೆ ತಲೆ ಎತ್ತದೆ ಮುಗುಳ್ನಗುತ್ತಿದ್ದ.

ಮನೆಯಲ್ಲಿ ಅಕ್ಕ ಇದ್ದಷ್ಟು ದಿನ ಅವನಿಗೆ ಮಾತಿನ ಅಗತ್ಯವೇ ಬೀಳಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳ ಕೈ ಹಿಡಿದು ತಮ್ಮನ ಮನೆಗೆ ಬಂದ ಅಕ್ಕ ಇಪ್ಪತ್ತೆರಡು ವರ್ಷ ಅಲ್ಲೇ ಉಳಿದಳು. ಮಗಳು ಮದುವೆಯಾಗಿ ಹೋದಳು, ಅಕ್ಕ ಹೋಗಲಿಲ್ಲ. "ಇವತ್ತು ತಲೆನೋವಾ? ಹೌದು ತಾನೆ? ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ಅವಳೇ ಮುಗಿಸುತ್ತಿದ್ದಳು. ಹೋದ ವರ್ಷ ಮಗಳಿಗೆ ಅವಳಿ ಮಕ್ಕಳಾದವು. "ಮೂರೇ ತಿಂಗಳು ಕಣೋ, ಬಂದುಬಿಡ್ತೀನಿ" ಎಂದು ಹೊರಟವಳು ಎಂಟು ತಿಂಗಳಾದರೂ ಬಂದಿರಲಿಲ್ಲ. ಮೇಸ್ತ್ರಿ ಪ್ರತಿ ಶನಿವಾರ ಅವಳ ಮಂಚದ ಹೊದಿಕೆ ಕೊಡವಿ ಮತ್ತೆ ಹಾಗೇ ಹಾಸುತ್ತಿದ್ದ. ಉಳಿದ ದಿನ ಆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು.

ಹೀಗಿರುವಾಗ ಮಹಡಿಯ ಮೇಲೆ ಬಾಡಿಗೆಗಿದ್ದ ಹಡಗಿನ ಇಂಜಿನಿಯರು ಒಂದು ಸಂಜೆ ಬಂದು ಬಾಗಿಲು ತಟ್ಟಿದ. ಎರಡು ವರ್ಷದ ಕೆಲಸಕ್ಕೆ ಹಡಗು ಹತ್ತಲಿದ್ದ. ಅವನ ಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯಿತ್ತು, ಅದರ ತುಂಬ ಉಪ್ಪುನೀರು, ರಂಧ್ರ ರಂಧ್ರದ ಕಲ್ಲುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಿದ್ದ ಎರಡು ಸಮುದ್ರದ ಮೀನು.

"ನೀವಾದ್ರೆ ಮರೆಯಲ್ಲ ಅಂತ ಗೊತ್ತು. ತಗೊಳ್ತೀರಾ?" ಎಂದ.

ಬೇಡ ಎನ್ನಲು ಮಾತು ಹುಡುಕುವಷ್ಟರಲ್ಲಿ ತೊಟ್ಟಿ ಕೆಳಗಿಳಿದು ಹಜಾರದ ಗಟ್ಟಿ ಕಪಾಟಿನ ಮೇಲೆ ಕೂತಾಗಿತ್ತು. ಇಳಿಸುವಾಗ ನೀರು ಶುದ್ಧ ಮಾಡುವ ಹಳೆಯ ಫಿಲ್ಟರು ಬಿದ್ದು ಸೀಳಿತು. ಇಂಜಿನಿಯರು ಒಂದು ಅಂಗಡಿಯ ವಿಳಾಸ ಬರೆದುಕೊಟ್ಟು, ಕೈ ಮುಗಿದು, ಹಡಗಿಗೆ ಹೋದ.

ಮೀನಿನ ಅಂಗಡಿಯಾಕೆ ಮೊಣಕೈವರೆಗೆ ಒದ್ದೆಯಾಗಿಯೇ ಮಾತಾಡುವ ಹೆಂಗಸು. ಎರಡು ಬಗೆಯ ಫಿಲ್ಟರು ತೋರಿಸಿದಳು.

"ಇದು ಮುಚ್ಚಿದ ಡಬ್ಬಿ. ಒಳಗೆ ಸ್ಪಂಜು, ಪಿಂಗಾಣಿ ಉಂಗುರ. ಕಪಾಟಿನ ಪಕ್ಕ ನಿಲ್ಲಿಸಿದ್ರೆ ಆಯ್ತು, ಸದ್ದೇ ಇರಲ್ಲ. ಆದ್ರೆ ಕೊಳೆಯೆಲ್ಲ ಅದರ ಹೊಟ್ಟೇಲೇ ಉಳಿಯುತ್ತೆ. ಕರೆಂಟು ಹೆಚ್ಚು ಹೊತ್ತು ಹೋದ್ರೆ ಒಳಗಿನ ನೀರು ಕೆಟ್ಟು ವಿಷ ಆಗುತ್ತೆ. ನನ್ನ ಕೇಳಿದ್ರೆ ತೊಟ್ಟಿ ಕೆಳಗೆ ಇನ್ನೊಂದು ತೆರೆದ ತೊಟ್ಟಿ ಇಡಿ. ಮೇಲಿನ ನೀರು ಕೊಳವೆಯಲ್ಲಿ ಇಳಿದು, ಖಾನೆ ಖಾನೆ ದಾಟಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೆ ಹೋಗುತ್ತೆ. ಒಂದು ಖಾನೇಲಿ ನೊರೆ ಎಬ್ಬಿಸೋ ಯಂತ್ರ ಇರುತ್ತೆ, ಜಿಡ್ಡೆಲ್ಲ ನೊರೆ ಜೊತೆ ಮೇಲೆ ಬಂದು ಬಟ್ಟಲಿಗೆ ಬೀಳುತ್ತೆ. ಅದಕ್ಕೆ ಕಾಲಿರೋ ಸ್ಟ್ಯಾಂಡು ಬೇಕು, ಅಡಿಯಲ್ಲಿ ಜಾಗ ಬೇಕು."

"ಜಾಗ ಇಲ್ಲ" ಎಂದ ಮೇಸ್ತ್ರಿ.

"ಎಷ್ಟು ರೂಮಿನ ಮನೆ?"

"ಎರಡು."

"ಇರೋರು?"

"ಒಬ್ಬನೇ."

ಅಂಗಡಿಯಾಕೆ ಅವನನ್ನೇ ನೋಡಿದಳು.

"ಇನ್ನೊಂದು ಅಕ್ಕನ ರೂಮು" ಎಂದು ಡಬ್ಬಿಯ ಫಿಲ್ಟರನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದ.

ಡಬ್ಬಿ ನಿಜಕ್ಕೂ ಸದ್ದು ಮಾಡಲಿಲ್ಲ. ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತಿದ್ದ. ಆವಿಯಾದಷ್ಟು ಸಿಹಿನೀರು ಸೇರಿಸಿ ಉಪ್ಪಿನಂಶ ಅಳೆಯುತ್ತಿದ್ದ. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಯಾರದೋ ಒಸಡು ಹುಣ್ಣಾಗುವ ಕೆಲಸ ಮಾಡಿದವನು ಅವನು. ಇದು ಅವನಿಗೆ ಕಷ್ಟವೇನಲ್ಲ. ಮೀನುಗಳೂ ಅವನನ್ನು ಗುರುತು ಹಿಡಿದವು. ಅವನು ಕುರ್ಚಿ ಎಳೆದರೆ ಸಾಕು, ಎರಡೂ ಗಾಜಿಗೆ ಮೂತಿ ಹಚ್ಚಿ ಬಾಲ ಆಡಿಸುತ್ತಿದ್ದವು. ಊಟದ ತಟ್ಟೆಯನ್ನು ಅಡುಗೆಮನೆಯಿಂದ ಹಜಾರಕ್ಕೆ ತರುವುದು ಯಾವಾಗ ಅಭ್ಯಾಸವಾಯಿತೋ ಅವನಿಗೇ ತಿಳಿಯದು.

ಮಳೆಗಾಲದ ಒಂದು ಬುಧವಾರ ಅವನು ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೇ ಬೀದಿಗೆಲ್ಲ ಕರೆಂಟು ಹೋಯಿತು. ಬಂದದ್ದು ಸಂಜೆ. ಅದು ಬಂದು ಅರ್ಧ ಗಂಟೆಗೆ ಮೇಸ್ತ್ರಿ ಬೀಗ ತೆಗೆದಾಗ ಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಇಡೀ ದಿನ ಡಬ್ಬಿಯೊಳಗೆ ಉಸಿರುಗಟ್ಟಿ ಕೆಟ್ಟ ನೀರನ್ನೆಲ್ಲ ಪಂಪು ತಾನಾಗಿಯೇ ತೊಟ್ಟಿಗೆ ಕಕ್ಕಿತ್ತು. ದೊಡ್ಡ ಮೀನು ಕಲ್ಲಿನ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಚಿಕ್ಕದು ನೀರಿನ ಮೇಲ್ಮಟ್ಟದಲ್ಲಿ ಬಾಯಿ ತೆರೆಯುತ್ತಾ ಮುಚ್ಚುತ್ತಾ ಇತ್ತು.

ಡಬ್ಬಿ ಕಿತ್ತೆಸೆದ. ತೊಟ್ಟಿಗೆಂದು ತಂದಿಟ್ಟಿದ್ದ ಸಮುದ್ರದ ಉಪ್ಪನ್ನೆಲ್ಲ ಅಳೆದು ನೀರಿಗೆ ಬೆರೆಸಿ, ಹಳೆಯ ನೀರಿನ ಅರ್ಧ ಬದಲಿಸಿ, ಗಾಳಿಪಂಪು ಬಿಟ್ಟ. ಚಿಕ್ಕದು ಉಳಿಯಿತು. ಸತ್ತದ್ದನ್ನು ಕರವಸ್ತ್ರದಲ್ಲಿ ಸುತ್ತಿ ಹಿತ್ತಲಲ್ಲಿ ಹೂತು ಬಂದು ಕೂತ. ಇದನ್ನು ಯಾರಿಗೆ ಹೇಳುವುದು? ನರ್ಸಮ್ಮನಿಗೆ ಹೇಳಿದರೆ ಅಯ್ಯೋ ಪಾಪ ಎಂದಾಳು. ಆ ಎರಡು ಪದ ಕೇಳುವ ಶಕ್ತಿ ಅವನಿಗಿರಲಿಲ್ಲ. ಕೊನೆಗೆ ಅಕ್ಕನಿಗೆ ಫೋನು ಮಾಡಿದ.

ಆ ಕಡೆ ಒಂದು ಮಗು ಅಳುತ್ತಿತ್ತು, ಇನ್ನೊಂದು ನಗುತ್ತಿತ್ತು. ಅವನು ಮೀನಿನ ವಿಷಯ ಹೇಳಿದ, ತೆರೆದ ತೊಟ್ಟಿಯ ವಿಷಯ ಹೇಳಿದ.

"ಏನೋ ಪುಟ್ಟಾ, ಲೈನಲ್ಲಿದ್ದೀಯಾ?"

"ಸ್ಟ್ಯಾಂಡು ಇಡೋಕೆ ಉದ್ದದ ಗೋಡೆ ಬೇಕು ಅಕ್ಕ. ಹಜಾರದಲ್ಲಿ ಇಲ್ಲ. ನಿನ್ನ ಮಂಚ ಇರೋ ಕಡೆ…"

"ಬಿಚ್ಚಿಡೋ ಮಾರಾಯ. ಇದನ್ನೂ ಕೇಳ್ಬೇಕಾ?"

"ನೀನು ಬಂದ್ರೆ?"

ಮಾತಿನಲ್ಲಿ ಯಾವತ್ತೂ ತಡವರಿಸದ ಅಕ್ಕ ಅಂದು ತಡವರಿಸಿದಳು.

"ಈ ಎರಡು ಪಿಳ್ಳೆಗಳನ್ನ ಬಿಟ್ಟು ಎಲ್ಲಿಗೆ ಬರಲೋ ನಾನು? ಇವಳು ಕೆಲಸಕ್ಕೆ ಹೋಗ್ಬೇಕು. ನಿಂಗೆ ಹೇಳ್ಬೇಕು ಅಂತ ಎಷ್ಟು ಸಲ ಫೋನು ಎತ್ತಿದೀನಿ, ಬಾಯೇ ಬರ್ಲಿಲ್ಲ. ಇನ್ನು ಬಂದ್ರೂ ನಾನು ನೆಂಟಳೇ ಕಣೋ. ನಾಲ್ಕು ದಿನ ಹಜಾರದಲ್ಲಿ ಮಲಗಿದ್ರೆ ಆಯ್ತು."

"ಸರಿ" ಎಂದ ಮೇಸ್ತ್ರಿ. ಫೋನು ಇಟ್ಟ ಮೇಲೂ ಇನ್ನೊಮ್ಮೆ "ಸರಿ" ಎಂದ.

ಮಂಚದ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಎಣ್ಣೆ ಬಿಟ್ಟು ಒಂದೊಂದೇ ಸಡಿಲಿಸಿದ. ಹೊದಿಕೆಯನ್ನು ಒಮ್ಮೆ ಕೊಡವಿ ಮಡಿಸಿಟ್ಟ. ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟಾಗ ನೆಲದ ಮೇಲೆ ಮಂಚದ ಅಗಲಕ್ಕೂ ಬಣ್ಣ ಮಾಸದ ಒಂದು ಚೌಕ ಉಳಿದಿತ್ತು. ಎರಡು ಸಲ ಒರೆಸಿದ, ಹೋಗಲಿಲ್ಲ.

ಮರುದಿನ ಅಂಗಡಿಗೆ ಹೋಗಿ ಸ್ಟ್ಯಾಂಡು, ಕೊಳವೆ, ಪಂಪು, ನೊರೆಯಂತ್ರ ಆರಿಸಿದ. ಕೆಳಗಿನ ತೊಟ್ಟಿ ಮಾತ್ರ ಬೇಡವೆಂದ.

"ಅದಿಲ್ದೆ ಹೇಗೆ?" ಎಂದಳು ಅಂಗಡಿಯಾಕೆ.

"ನಾನೇ ಮಾಡ್ತೀನಿ. ಅಕ್ರಿಲಿಕ್ಕು ನನ್ನ ಕೆಲಸ. ಒಂದು ಹನಿ ಸೋರಿದ್ರೂ ನಿಮ್ಮ ತೊಟ್ಟೀನೇ ತಗೊಳ್ತೀನಿ." ಹೊರಗಿನವರ ಮುಂದೆ ಇಷ್ಟುದ್ದ ಅವನು ಮಾತಾಡಿ ವರ್ಷಗಳೇ ಆಗಿದ್ದವು.

ಹತ್ತು ದಿನ ಕ್ಲಿನಿಕ್ಕಿನಿಂದ ಬಂದವನೇ ಅಕ್ರಿಲಿಕ್ ಹಾಳೆ ಕೊಯ್ದು, ಅಂಚು ಉಜ್ಜಿ, ಖಾನೆಗಳ ಅಡ್ಡಗೋಡೆ ಅಂಟಿಸಿದ. ಮೊದಲ ಸಲ ನೀರು ತುಂಬಿದಾಗ ಒಂದು ಮೂಲೆ ಸೋರಿತು. ಬೈದುಕೊಂಡು ಮತ್ತೆ ಕಟ್ಟಿ, ಗಾಜಿನ ತೊಟ್ಟಿಯನ್ನು ಅಕ್ಕನ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಕೂರಿಸಿದ. ನೋಡಿಹೋಗಲು ಬಂದ ಅಂಗಡಿಯಾಕೆ ಬೆಸುಗೆಯ ಮೇಲೆ ಉಗುರು ಆಡಿಸಿ, "ಎಲ್ಲಿದೆ ಬೆಸುಗೆ? ಗೊತ್ತೇ ಆಗಲ್ವಲ್ರೀ" ಎಂದಳು. ಬೇಕೆಂದೇ ಪಂಪು ನಿಲ್ಲಿಸಿ, ಕರೆಂಟು ಹೋದರೂ ಕೆಳಗಿನ ತೊಟ್ಟಿ ಉಕ್ಕುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. "ಇನ್ನೊಂದು ಮೀನು ತಂದು ಜೊತೆ ಮಾಡಿ" ಎಂದಳು. ನೋಡೋಣ ಎಂದ. ತರಲಿಲ್ಲ.

ಕೊಳವೆಯಿಂದ ನೀರು ಇಳಿಯುವ ಸದ್ದು ಈಗ ಮನೆಯೆಲ್ಲ ಕೇಳುತ್ತಿತ್ತು. ಅಕ್ಕನ ಕೋಣೆಯ ಬಾಗಿಲು ಮುಚ್ಚುವುದನ್ನು ಅವನು ಬಿಟ್ಟುಬಿಟ್ಟ.

ಅಕ್ಕ ಬಂದದ್ದು ನಾಲ್ಕು ತಿಂಗಳಾದ ಮೇಲೆ. ಮೊದಲ ದಿನ ತೊಟ್ಟಿಯ ಎದುರು ನಿಂತು, "ನಿನ್ನ ಕಂಡ್ರೆ ಹೇಗೆ ಓಡಿ ಬರ್ತದೋ ಇದು! ನನ್ನ ಕಂಡ್ರೆ ಕಲ್ಲಿನ ಹಿಂದೆ ಹೋಗುತ್ತೆ" ಎಂದಳು. ನಾಲ್ಕು ದಿನ ಎಡೆಬಿಡದೆ ಮಾತಾಡಿದಳು. ಹೆಚ್ಚಿನದು ಮೊಮ್ಮಕ್ಕಳ ಮಾತೇ. ಹಜಾರದಲ್ಲಿ ಮಲಗಿದಳು. ಅಡುಗೆಮನೆಯ ಉಪ್ಪಿನ ಡಬ್ಬಿ ಯಾವ ಸಾಲಿನಲ್ಲಿದೆ ಎಂದು ತಮ್ಮನನ್ನು ಕೇಳಿದಳು. ಅವನೇ ಎದ್ದು ತೆಗೆದುಕೊಟ್ಟ.

ಭಾನುವಾರ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ, ಬಸ್ಸು ತಿರುವು ದಾಟುವವರೆಗೆ ನಿಂತು ಮನೆಗೆ ಬಂದ. ಹಜಾರದ ಹಾಸಿಗೆ ಸುತ್ತಿಟ್ಟ. ನೊರೆಯ ಬಟ್ಟಲು ಅಂಚಿನವರೆಗೆ ತುಂಬಿತ್ತು. ತೋಳು ಮಡಚಿ, ಅದನ್ನು ಬಿಚ್ಚಿ ತೊಳೆಯಲು ಕೂತ.