ಹೊರಡುವ ಮುನ್ನ ಆಡದ ಮಾತು

ನನ್ನ ತಾಯಿಯ ಶ್ರಾದ್ಧಕ್ಕೆ ಇನ್ನೊಂದೇ ದಿನ ಉಳಿದಿತ್ತು. ಮಗಳು, ಅಳಿಯ ಮತ್ತು ನಾನು ಹಿಮದ ಬೆಟ್ಟದ ಮೇಲಿನ ಮರದ ಗುಡಿಸಲೊಂದರಲ್ಲಿ ಸಿಲುಕಿದ್ದೆವು. ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿದ್ದ ಅವರ ಮನೆಗೆ ಪುರೋಹಿತರನ್ನು ಕರೆದಾಗಿತ್ತು. ಅದಕ್ಕೆ ಮೊದಲು ಪೂರ್ವದ ಬೆಟ್ಟಗಳಿಗೆ ಹೋಗಿಬರೋಣವೆಂದು ಅವರು ಹೇಳಿದಾಗ, ಹಿಮವನ್ನು ಶ್ಲೋಕಗಳಲ್ಲಷ್ಟೇ ಕಂಡಿದ್ದ ನಾನು ಒಪ್ಪಿದ್ದೆ. ಅವರು ಸ್ಕೀ ತೊಟ್ಟು, ನಾನು ಹಿಮದಲ್ಲಿ ಕಾಲು ಹೂತುಹೋಗದಂತಹ ಅಗಲವಾದ ಪಾದುಕೆಗಳನ್ನು ಕಟ್ಟಿಕೊಂಡು ಏರಿದ್ದೆವು. ಅಂದು ಸಂಜೆಗೇ ಗಾಳಿ ಎದ್ದಿತು. ಎರಡು ದಿನ ಬಾಗಿಲು ತೆರೆಯಲಾಗಲಿಲ್ಲ.

ಮೂರನೆಯ ಬೆಳಿಗ್ಗೆ ಆಕಾಶ ತಿಳಿಯಾಯಿತು. ನಾನು ಗಂಟು ಕಟ್ಟಿ ಪಾದುಕೆ ತೊಟ್ಟೆ. ಇಳಿಯಲು ಇದ್ದದ್ದು ಒಂದೇ ದಾರಿ: ಎದುರಿನ ಕಡಿದಾದ ಇಳಿಜಾರನ್ನು ಅಡ್ಡ ಹಾಯಬೇಕು.

"ಅಪ್ಪ, ಅಲ್ಲಿ ಹಿಮ ಕುಸಿದ್ರೆ..." ಎಂದು ಮಗಳು ಬಾಯಿ ತೆರೆದಳು.

"ಬಿಡ್ತು ಅನ್ನು! ಹೊರಡೋ ಹೊತ್ತಲ್ಲಿ ಅಪಶಕುನದ ಮಾತೇಕೆ?"

ಪ್ರಯಾಣಕ್ಕೆ ಹೆಜ್ಜೆ ಎತ್ತಿದ ಮೇಲೆ ಕೆಡುಕಿನ ಹೆಸರನ್ನು ಎತ್ತಬಾರದೆಂಬುದು ನಮ್ಮ ಮನೆಯ ನಡಾವಳಿ. ಅವಳು "ಬಿಡ್ತು" ಎಂದಳು.

ಅಳಿಯ ಹಿಮವನ್ನು ಪರೀಕ್ಷಿಸಲು ಸಲಿಕೆ ಹಿಡಿದು, ಅದೇ ದಿಕ್ಕಿಗೆ ವಾಲಿದ ಸಣ್ಣದೊಂದು ಏರಿನಲ್ಲಿ ಎದೆಯಾಳದ ಗುಂಡಿ ತೋಡಿದ. ಗುಂಡಿಯ ಗೋಡೆಯಲ್ಲಿ ಹಿಮದ ಕಂಬವೊಂದನ್ನು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟತೊಡಗಿದ. ಮೊದಲು ಮಣಿಕಟ್ಟಿನಿಂದ ಹಗುರಾಗಿ, ಬಳಿಕ ಮೊಣಕೈಯಿಂದ. ಮೊಣಕೈಯ ಮೂರನೆಯ ಪೆಟ್ಟಿಗೇ ಮೇಲಿನ ಗಟ್ಟಿ ಪದರ, ಸಕ್ಕರೆಯಂತೆ ಉದುರುವ ಕೆಳಪದರದ ಮೇಲಿಂದ, ದಾರ ಸಡಿಲಿದ ತಾಳೆಗರಿ ಹೊತ್ತಿಗೆಯ ಮೇಲಿನ ಗರಿಯಂತೆ ಇಡಿಯಾಗಿ ಜಾರಿ ಅವನ ಮೊಣಕಾಲಿಗೆ ಬಿತ್ತು.

"ಏನಾಯ್ತು?" ಎಂದೆ.

"ಏನಿಲ್ಲ ಮಾವ. ನೀವು ಹೇಗೆ ಹೇಳ್ತೀರೋ ಹಾಗೆ."

ಮಗಳಿಗೆ ತಡೆಯಲಾಗಲಿಲ್ಲ. "ನಮ್ಮ ಸ್ಕೀ ಗ್ರೂಪಲ್ಲಿ ಒಬ್ರು ಬೇಡ ಅಂದ್ರೂ ಎಲ್ರೂ ವಾಪಸ್ಸು, ಅದೇ ರೂಲು. ಹೋದ ವರ್ಷ ನಂಗೆ ಇದರ ಮೇಲೆ ಒಂದು ಗಂಟೆ ಲೆಕ್ಚರ್ ಕೊಟ್ಟ ಮಹಾನುಭಾವರು ಇವ್ರೇ! ಈಗ ಮಾವನ ಮುಂದೆ ಬಾಯಿಗೆ ಬೀಗ."

ಅಳಿಯ ಸಲಿಕೆಗೆ ಅಂಟಿದ ಹಿಮವನ್ನು ಒರೆಸುತ್ತಲೇ ಇದ್ದ. ನಾನು ಹೊರಟರೆ ಈತ ಎದುರಾಡುವುದಿಲ್ಲ. ನನಗಿಂತ ಮೊದಲು ತಾನೇ ಆ ಇಳಿಜಾರಿಗೆ ಕಾಲಿಡುತ್ತಾನೆ. ಹಿಂದೆ ಮಗಳು.

"ಈಗ ನಾನೇ ಕೇಳ್ತಿದೀನಿ. ಹೋದ್ರೆ ಏನಾಗುತ್ತೆ? ಮುಚ್ಚಿಡಬೇಡಪ್ಪ."

"ನಮ್ಮ ಭಾರಕ್ಕೇ ಜಾರುತ್ತೆ ಮಾವ. ಮೂರು ಜನಾನೂ ಹೂತ್ಹೋಗ್ತೀವಿ."

"ಹಾಗಾದ್ರೆ ಬೇಡ," ಎಂದು ಪಾದುಕೆಯ ಪಟ್ಟಿಗಳನ್ನು ಬಿಚ್ಚಿದೆ. ತಾಯಿಯ ತಿಥಿಯನ್ನು ನಾನು ಎಂದೂ ತಪ್ಪಿಸಿದವನಲ್ಲ.

ಮರುದಿನ ಅಪರಾಹ್ನ ಎಳ್ಳಿಲ್ಲದೆ, ದರ್ಭೆಯಿಲ್ಲದೆ, ಕಾಯಿಸಿ ಕರಗಿಸಿದ ಹಿಮದ ನೀರನ್ನು ದಕ್ಷಿಣಕ್ಕೆ ಮುಖಮಾಡಿ ಮೂರು ಬಾರಿ ಬಿಟ್ಟೆ. ಆ ಕಡೆಯ ಕಿಟಕಿಯಲ್ಲಿ ಕಾಣುತ್ತಿದ್ದುದು ಅದೇ ಇಳಿಜಾರು. ಹಿಮ ಬಿಸಿಲಿಗೆ ಹೊಳೆಯುತ್ತ, ಎಲ್ಲೂ ಬಿರುಕಿಲ್ಲದೆ ನಿಂತಿತ್ತು. ಅಳಿಯ ಈಗ ಹೋಗಬಹುದು ಎನ್ನುವವರೆಗೆ, ಇನ್ನೂ ಎರಡು ದಿನ ನಾವು ಅಲ್ಲಿಯೇ ಇದ್ದೆವು.