ಖಾಪ್ರಿಗೆ ಹಚ್ಚಿದ ಬೀಡಿ

ದೇವಾನಂದನ ಸೊಂಟದ ಸುತ್ತಳತೆ ಅವನ ಹೆಂಡತಿ ಹೊನ್ನುವಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಬೇಲೆಕೇರಿ ಬಂದರಿಗೆ ಇಳಿಯುವ ರಸ್ತೆಯ ತಿರುವಿನಲ್ಲಿ ನನ್ನ ಹೊಲಿಗೆ ಅಂಗಡಿ. ಅವನು ಮೀನಿನ ಟೆಂಪೊ ಹೊಡೆಯುವವನು. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಒಂದೇ ವರ್ಷ ನಪಾಸಾಗಿ, ಅವನು ಸ್ಟಿಯರಿಂಗ್ ಹಿಡಿದ, ನಾನು ಕತ್ತರಿ ಹಿಡಿದೆ. ಅವನ ಪ್ಯಾಂಟು ಹೊಲಿಯುವಾಗ ಹಿಂಭಾಗದ ಹೊಲಿಗೆಯ ಒಳಗೆ ಯಾವಾಗಲೂ ಒಂದಿಷ್ಟು ಬಟ್ಟೆ ಹೆಚ್ಚು ಬಿಡುತ್ತಿದ್ದೆ. ಕೂತು ಕೆಲಸ ಮಾಡುವವರ ಹೊಟ್ಟೆಯ ಮೇಲೆ ನನಗೆ ನಂಬಿಕೆ ಇಲ್ಲ.

ಅವನ ಅಪ್ಪ ದೋಣಿಯ ಮೇಲೆ ಬದುಕಿದವರು. ಮಗನಿಗೆ ಸಮುದ್ರ ಒಗ್ಗಲಿಲ್ಲ. ದೋಣಿ ಅಲ್ಲಾಡಿದರೆ ಸಾಕು, ವಾಂತಿ. ಮೀನು ಹಿಡಿಯುವ ಹರಿಕಂತ್ರರ ಮನೆಯಲ್ಲಿ ಹುಟ್ಟಿ ಇದೆಂಥ ಗ್ರಹಚಾರ ಎಂದು ಊರೆಲ್ಲ ನಕ್ಕಿತು. ಹಾಗಾಗಿ ಮೀನು ದಡ ಮುಟ್ಟಿದ ಮೇಲಿನ ಕೆಲಸವನ್ನು ಹಿಡಿದ. ಐಸು ಹಾಕಿದ ಬಂಗಡೆ, ತಾರ್ಲೆಗಳ ಪೆಟ್ಟಿಗೆ ತುಂಬಿಕೊಂಡು ಅಂಕೋಲಾ, ಕಾರವಾರ ದಾಟಿ, ಕಾಳಿ ಸೇತುವೆಯ ಮೇಲಿಂದ ಗೋವೆಯ ಮಾರ್ಕೆಟ್ಟಿಗೆ ಹೋಗುವುದು, ಖಾಲಿ ಪೆಟ್ಟಿಗೆ ಗಡಗಡ ಅನ್ನಿಸುತ್ತ ವಾಪಸು ಬರುವುದು. ಹೋಗುವಾಗಲೂ ಬರುವಾಗಲೂ ತುಟಿಯಲ್ಲಿ ಬೀಡಿ. ಒಂದು ಆರುವ ಮೊದಲೇ ಇನ್ನೊಂದು ಹತ್ತುತ್ತಿತ್ತು. ಟೆಂಪೊ ಡೀಸೆಲ್ಲಿನಲ್ಲಿ ಓಡುತ್ತದೋ ದೇವಾನಂದನ ಬೀಡಿಯಲ್ಲಿ ಓಡುತ್ತದೋ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಅವನಿಗೆ ಒಬ್ಬಳೇ ತಂಗಿ, ದುರ್ಗಾ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವನು ಇವನೇ. ಹಟ್ಟಿಕೇರಿಯ ದತ್ತಾನಿಗೆ ಕೊಟ್ಟು ಮದುವೆ ಮಾಡಿದ. ಅವಳು ಅಂಕೋಲೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ಗಿರಾಕಿ ಮೀನಿನ ಕಿವಿರು ಎತ್ತಿ ನೋಡಿದರೆ, ಮದುವೆಗೆ ಹೆಣ್ಣು ನೋಡೂಕೆ ಬಂದ್ರಾ ಎಂದು ಕೇಳುತ್ತಿದ್ದಳು. ಅಂಥವಳ ಕಾಲು ಎರಡು ಸಾವಿರದ ಐದರ ಮಳೆಗಾಲದಲ್ಲಿ ಊದತೊಡಗಿತು. ನಿಂತು ನಿಂತು ಹೀಗಾಯಿತು ಎಂದುಕೊಂಡರು. ಆಮೇಲೆ ಮುಖವೂ ಊದಿತು. ಕೊನೆಗೆ ಡಾಕ್ಟರು ಹೇಳಿದರು, ಎರಡೂ ಕಿಡ್ನಿ ಹೋಗಿವೆ ಎಂದು.

ಅಲ್ಲಿಂದ ಅವಳು ವಾರಕ್ಕೆರಡು ಸಲ ರೈಲು ಹತ್ತಿ ಮಡಗಾಂವಿಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕಾಯಿತು. ಬಂದ ದಿನ ಗೋಣಿಚೀಲದ ಹಾಗೆ ಬಿದ್ದುಕೊಂಡಿರುತ್ತಿದ್ದಳು. ಎಷ್ಟು ದಿನ ಹೀಗೆ? ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕುತ್ತಾಳೆ ಎಂದರು. ತಾಯಿ ಸುಬ್ಬಿಗೆ ಸಕ್ಕರೆ ಕಾಯಿಲೆ. ಗಂಡ ದತ್ತಾನ ರಕ್ತ ಹೊಂದಲಿಲ್ಲ. ಮಗಳು ಮನಿಷಾ ಇನ್ನೂ ಹೈಸ್ಕೂಲು. ಹೊಂದಿದ್ದು ದೇವಾನಂದನದು ಒಂದೇ. ಆ ಸುದ್ದಿ ಬಂದ ದಿನ ಅವನು ನನ್ನ ಅಂಗಡಿಗೆ ಬಂದು, ತನಗೇ ಏನೋ ಬಹುಮಾನ ಬಂದವರ ಹಾಗೆ ಮೇಜು ಕುಟ್ಟಿ ಹೇಳಿದ. ನನಗೂ ಕಣ್ಣು ತುಂಬಿ ಬಂತು.

ಆದರೆ ಮಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಅವನ ಎದೆಗೆ ಕೊಳವೆ ಇಟ್ಟು, ತೂಕದ ಯಂತ್ರದ ಮೇಲೆ ನಿಲ್ಲಿಸಿ, ತಲೆ ಅಲ್ಲಾಡಿಸಿದರು. ಈ ಎದೆ ಇಟ್ಟುಕೊಂಡು ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟರೆ ಏಳುತ್ತೀಯೋ ಇಲ್ಲವೋ ಹೇಳಲಿಕ್ಕಾಗದು, ಬೀಡಿ ಪೂರ್ತಿ ಬಿಡು, ಹತ್ತು ಕಿಲೋ ಇಳಿಸು, ಎರಡೂ ಆದ ಮೇಲೆ ಬಾ, ಒಂದು ಮಾಡಿ ಒಂದು ಬಿಟ್ಟರೆ ಬರಬೇಡ ಎಂದರು.

ಇಷ್ಟೇನಾ ಎಂದ ದೇವಾನಂದ. ಬೀಡಿಯ ಕಟ್ಟನ್ನು ರೈಲಿನ ಕಿಟಕಿಯಿಂದಲೇ ಶರಾವತಿಗೆ ಎಸೆದು ಬಂದಿದ್ದ.

ಬೀಡಿ ಬಿಟ್ಟವನ ಬಾಯಿ ಸುಮ್ಮನೆ ಇರುವುದಿಲ್ಲ. ಬೀಡಿ ಇದ್ದ ಜಾಗಕ್ಕೆ ಮೊದಲು ಪೆಪ್ಪರಮಿಂಟು ಬಂತು, ಆಮೇಲೆ ಶೇಂಗಾ, ಆಮೇಲೆ ಕಾರವಾರದ ಹೋಟೆಲಿನ ಬನ್ಸು. ಗೋವೆಯಿಂದ ಬರುವಾಗ ಪಕ್ಕದ ಸೀಟಿನಲ್ಲಿ ಪಾವ್ ಬ್ರೆಡ್ಡಿನ ಚೀಲ ಇರುತ್ತಿತ್ತು. ಮನೆಯಲ್ಲಿ ಅವನು ಊಟಕ್ಕೆ ಕೂತರೆ ಅನ್ನದ ತಪ್ಪಲೆಯ ತಳ ಕಾಣುತ್ತಿತ್ತು. ಬಾಯಿಗೆ ರುಚಿ ಬಂದುಬಿಟ್ಟಿದೆ ಮಾರಾಯಾ, ಬಂಗಡೆ ಸಾರಿಗೆ ಇಷ್ಟು ರುಚಿ ಇತ್ತು ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎಂದು ನನ್ನ ಹತ್ತಿರ ಹೇಳಿದ. ಹೇಳಿದ್ದು ಪ್ಯಾಂಟಿನ ಹೊಲಿಗೆ ಬಿಡಿಸಿಕೊಳ್ಳಲು ಬಂದಾಗ. ಒಳಗೆ ಬಿಟ್ಟ ಬಟ್ಟೆಯೆಲ್ಲ ಎರಡೇ ತಿಂಗಳಲ್ಲಿ ಮುಗಿದುಹೋಯಿತು.

ಗಾಬರಿಯಾಗಿ ಊಟ ಬಿಟ್ಟ. ಬೆಳಿಗ್ಗೆ ಒಂದು ಲೋಟ ಗಂಜಿ ನೀರು, ಮಧ್ಯಾಹ್ನ ಸೌತೆಕಾಯಿ. ಹಸಿವಾದರೆ ಹೆದ್ದಾರಿಯಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಅದಿರಿನ ಲಾರಿಗಳು ಒಂದರ ಹಿಂದೊಂದು ಮೈಮೇಲೆ ಬರುವಂತೆ ಓಡುವ ರಸ್ತೆ ಅದು. ಆ ಹಸಿವನ್ನು ಕೊಲ್ಲುವ ಮದ್ದು ಅವನಿಗೆ ಗೊತ್ತಿದ್ದದ್ದು ಒಂದೇ. ಎರಡು ದಮ್ಮು ಎಳೆದರೆ ಹೊಟ್ಟೆ ಸುಮ್ಮನಾಗುತ್ತಿತ್ತು. ಸೇದಿದ ಮೇಲೆ ನಾಚಿಕೆಯಾಗಿ ಬಿಡುವುದು, ಬಿಟ್ಟ ಮೇಲೆ ತಿನ್ನುವುದು, ತಿಂದ ಮೇಲೆ ಹೆದರಿ ಉಪವಾಸ ಬೀಳುವುದು, ಉಪವಾಸ ತಡೆಯದೆ ಮತ್ತೆ ಸೇದುವುದು. ಅತ್ತ ದರಿ, ಇತ್ತ ಪುಲಿ. ನಮ್ಮ ಹೊನ್ನು ಜಗಳಗಂಟಿಯಲ್ಲ, ಆದರೂ ಒಮ್ಮೆ ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂದುಬಿಟ್ಟಳು. ಅವತ್ತು ಅವನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ.

"ಬೀರಾ, ನಂದೇ ಕೈ, ನಂದೇ ಬಾಯಿ. ಅದೆಂತಕ್ಕೆ ನನ್ನ ಮಾತು ಕೇಳೂದಿಲ್ಲ?" ಎಂದು ಕೇಳಿದ.

ನನಗೇನು ಗೊತ್ತು? ನಾನು ಬಟ್ಟೆಗೆ ಹೊಲಿಗೆ ಹಾಕುವವನು. ದೇವರ ಹತ್ತಿರ ಹೇಳಿಕೋ ಎಂದೆ. ಎಲ್ಲರೂ ಹೇಳುವ ಮಾತು ಅದು.

ದೇವರು ಎಂದರೆ ಅವನಿಗೆ ನೆನಪಾದದ್ದು ಕೋಡಿಬಾಗದ ಖಾಪ್ರಿ. ಕಾಳಿ ಸೇತುವೆಯ ಸಮೀಪ ಇರುವ ಈ ದೇವರಿಗೆ ಹಣ್ಣುಕಾಯಿಯಷ್ಟೇ ಅಲ್ಲ, ಬೀಡಿ, ಸಿಗರೇಟು, ಸಾರಾಯಿ ಎಲ್ಲ ನಡೆಯುತ್ತದೆ. ಹರಕೆ ಹೊತ್ತವರು ಬೀಡಿ ಹಚ್ಚಿ ದೇವರ ಮುಂದಿಡುತ್ತಾರೆ. ದೇವಾನಂದ ಅಲ್ಲಿ ಟೆಂಪೊ ನಿಲ್ಲಿಸಿ ಕೈ ಮುಗಿದ. ಇನ್ನು ನನ್ನ ಪಾಲಿನ ಬೀಡಿಯೆಲ್ಲ ನಿನ್ನದು, ನನ್ನ ಚಟ ನೀನು ತಕೋ, ನನ್ನ ತಂಗಿಯನ್ನು ನನಗೆ ಕೊಡು ಎಂದು ಬೇಡಿಕೊಂಡ. ಹೋಗುವಾಗ ಒಂದು, ಬರುವಾಗ ಒಂದು ಬೀಡಿ ದೇವರಿಗೆ ಹಚ್ಚುವುದೆಂದು ಹರಕೆ ಮಾಡಿಕೊಂಡ.

ಬೀಡಿಯ ಗುಣ ಸೇದುವವರಿಗೆ ಗೊತ್ತು. ಅದು ಊದುಬತ್ತಿಯಲ್ಲ. ಬಾಯಲ್ಲಿಟ್ಟು ಎಳೆಯದೆ ಸರಿಯಾಗಿ ಹತ್ತುವುದಿಲ್ಲ, ಹತ್ತಿಸಿ ಸುಮ್ಮನೆ ಇಟ್ಟರೆ ಆರಿಹೋಗುತ್ತದೆ. ಕಾಳಿ ನದಿ ಸಮುದ್ರ ಸೇರುವ ಆ ಜಾಗದಲ್ಲಿ ಗಾಳಿಯೂ ಜೋರು. ಮೊದಲ ದಿನ ಅವನು ಒಂದೇ ದಮ್ಮು ಎಳೆದು ಇಟ್ಟ. ಅದು ಆರಿತು. ಆರಿದ ಬೀಡಿ ದೇವರ ಮುಂದಿರುವುದು ಅಪಶಕುನ ಅನ್ನಿಸಿ ಮತ್ತೆ ಹಚ್ಚಿದ, ಈ ಸಲ ಚೆನ್ನಾಗಿ ಕೆಂಡವಾಗಲಿ ಎಂದು ಮೂರು ನಾಲ್ಕು ಸಲ ಎಳೆದ. ಬೀಡಿ ದೇವರದು, ತನ್ನದು ಬರೀ ಬಾಯಿ. ಇದರಲ್ಲಿ ತಪ್ಪೇನು? ಮನಸ್ಸು ಇಂಥ ವಕೀಲಿ ಮಾಡಲು ಎಷ್ಟು ಜಾಣ ನೋಡಿ. ಕೆಲವೇ ದಿನಗಳಲ್ಲಿ ಒಂದರ ಜಾಗದಲ್ಲಿ ನಾಲ್ಕಾದವು. ಹರಕೆಯದೊಂದು, ಮನೆಯವರಿಗೊಂದು, ತಂಗಿಗೊಂದು, ಟೆಂಪೊಗೊಂದು. ನೆಪ ದೇವರದು, ಹೊಗೆ ಇವನ ಎದೆಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯದೇನೂ ತಪ್ಪಿರಲಿಲ್ಲ.

ಇದೆಲ್ಲ ಅವನೇ ನನಗೆ ಆಮೇಲೆ ಹೇಳಿದ್ದು. ಆಗ ನಮಗೆ ಕಂಡದ್ದು ಬೇರೆಯೇ. ಜೇಬಿನಲ್ಲಿ ಬೀಡಿ ಇಲ್ಲ, ಊರಿನಲ್ಲಿ ಸೇದುವುದಿಲ್ಲ, ಹಸಿವಿನ ಗೋಳಿಲ್ಲ, ಹೊಟ್ಟೆ ಇಳಿಯುತ್ತಿದೆ. ಮೈಗೆ ವಾಸನೆ ಇತ್ತು, ದೇವಸ್ಥಾನದ್ದು ಎನ್ನುತ್ತಿದ್ದ. ಬಿಡಿಸಿದ ಪ್ಯಾಂಟನ್ನು ನಾನೇ ಮತ್ತೆ ಹಿಡಿದು ಹೊಲಿದೆ, ಖುಷಿಯಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಖಾಪ್ರಿ ಕಣ್ಣು ಬಿಟ್ಟ ಎಂದು ಸುಬ್ಬಿಯಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಡಾಕ್ಟರು ಮಂಗಳೂರಿಗೆ ಬರಹೇಳಿದರು.

ಹೊರಡುವ ಮೊದಲು ದುರ್ಗಾ, ನನ್ನ ಅಣ್ಣನ ಚಟ ಬಿಡಿಸಿದ ದೇವರಿಗೆ ನಾನೇ ಹೋಗಿ ಕೈ ಮುಗಿಯುತ್ತೇನೆ ಎಂದು ಹಠ ಹಿಡಿದಳು. ಬೇಡವೆಂದರೆ ಏನು ಕಾರಣ ಹೇಳುವುದು? ಟೆಂಪೊದಲ್ಲಿ ಅವನ ಪಕ್ಕ ಕೂತು ಕೋಡಿಬಾಗಕ್ಕೆ ಹೋದಳು. ಪೂಜೆಯವನು ಪರಿಚಯದ ನಗೆ ನಕ್ಕು, ಇವತ್ತು ಗಾಳಿ ಜೋರು, ಎಂದಿನ ಹಾಗೆ ನೀವೇ ಎಳೆದು ಹಚ್ಚಿ ಎಂದು ಬೀಡಿಯ ಕಟ್ಟನ್ನು ಅವನ ಕೈಗೇ ಕೊಟ್ಟ. ತಂಗಿಯ ಎದುರು ದೇವಾನಂದ ಹಚ್ಚಿದ. ಒಂದೇ ದಮ್ಮು ಎಂದುಕೊಂಡಿದ್ದನಂತೆ. ಕೆನ್ನೆಗಳು ಒಳಕ್ಕೆ ಹೋದವು, ಕಣ್ಣು ತಾನಾಗಿ ಮುಚ್ಚಿತು, ಹೊಗೆ ಒಳಗೆ ಹೋದದ್ದು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಕಣ್ಣು ಬಿಟ್ಟಾಗ ದುರ್ಗಾ ದೇವರನ್ನು ನೋಡುತ್ತಿರಲಿಲ್ಲ. ಅವನನ್ನು ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ತೂಕ ನೋಡಿ ಡಾಕ್ಟರಿಗೆ ಸಂತೋಷವಾಯಿತು. ಬೀಡಿ? ಎಂದು ಕೇಳಿದರು. ಬಿಟ್ಟು ತಿಂಗಳುಗಟ್ಟಲೆ ಆಯಿತು ಸಾಹೇಬ್ರೆ ಎಂದ ದೇವಾನಂದ. ಆಪರೇಷನ್ನಿನ ದಿನ ಗೊತ್ತುಮಾಡಲು ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಆಗ ದುರ್ಗಾ ಬಾಯಿ ಬಿಟ್ಟಳು.

"ಅಂವ ಬಿಟ್ಟಿಲ್ಲ ಸಾಹೇಬ್ರೆ. ನಾ ಕಣ್ಣಾರೆ ಕಂಡಿದ್ದೆ."

ಡಾಕ್ಟರು ಒಂದು ಕೊಳವೆ ಕೊಟ್ಟು ಊದಿಸಿದರು. ಊದಲು ಹೋಗಿ ಕೆಮ್ಮಿ ಕೆಮ್ಮಿ ಅವನು ಗೋಡೆ ಹಿಡಿದುಕೊಂಡ. ಮಳೆಗಾಲ ಕಳೆದ ಮೇಲೆ ಬನ್ನಿ, ಅದೂ ನಿಜವಾಗಿ ಬಿಟ್ಟಿದ್ದರೆ ಎಂದರು.

ವಾಪಸು ಬರುವಾಗ ರೈಲು ಹೊನ್ನಾವರ ದಾಟಿತು. ಎಂತಕ್ಕೆ ಹೇಳಿದೆ, ನಿನ್ನ ಜೀವ ನೀನೇ ಕಳಕೊಂಡೆಯಲ್ಲ ಎಂದು ಕೊನೆಗೆ ಅವನೇ ಕೇಳಿದ. ದುರ್ಗಾ ಕಿಟಕಿಯ ಹೊರಗೆ ನೋಡುತ್ತಲೇ ಉತ್ತರ ಕೊಟ್ಟಳು.

"ಅಣ್ಣಾ, ನಿಂಗೆ ಆ ಮೇಜಿನ ಮೇಲೇ ಏನಾರೂ ಆಗಿದ್ರೆ, ನಿನ್ನ ಕಿಡ್ನಿ ಇಟ್ಕಂಡ್ ನಾ ಹೊನ್ನು ಅತ್ಗೆ ಎದ್ರಿಗೆ ಹ್ಯಾಂಗೆ ತಿರ್ಗಲಿ? ನೀನೇ ಹೇಳ್ತೆ ಅಂತ ಕಾದೆ. ನೀ ಹೇಳ್ಲಿಲ್ಲ."

ಮಳೆಗಾಲ ಬಂತು. ಬೋಟುಗಳೆಲ್ಲ ದಡಕ್ಕೆ ಬಂದವು, ಮೀನಿಲ್ಲ, ಟೆಂಪೊ ಮನೆಯ ಮುಂದೆ ತಾಡಪಾಲು ಹೊದ್ದು ನಿಂತಿತು. ಆ ಸಲ ಅವನು ಸುಳ್ಳು ಹೇಳಲಿಲ್ಲ. ಕೋಡಿಬಾಗದ ಕಡೆ ತಲೆ ಹಾಕಲಿಲ್ಲ. ಬೀಡಿ ಬೇಕೆನಿಸಿದಾಗ ನನ್ನ ಅಂಗಡಿಗೆ ಬಂದು ಕೂರುತ್ತಿದ್ದ. ನಾನು ಗುಂಡಿ ಹೊಲಿಯಲು ಕೊಡುತ್ತಿದ್ದೆ. ಸೊಟ್ಟ ಸೊಟ್ಟ ಹೊಲಿದ ಆ ಗುಂಡಿಗಳನ್ನು ಅವನು ಹೋದ ಮೇಲೆ ಬಿಚ್ಚಿ ನಾನು ಮತ್ತೆ ಹೊಲಿಯುತ್ತಿದ್ದೆ. ಹೊಟ್ಟೆ ಮತ್ತೆ ಮುಂದೆ ಬಂತು. ಬರಲಿ, ಮೊದಲು ಎದೆ ಸರಿಯಾಗಲಿ, ಹೊಟ್ಟೆ ಆಮೇಲೆ ನೋಡೋಣ ಎಂದೆ. ಹೊಳೆ ದಾಟುವ ಮೊದಲೇ ಆ ದಡದ ಮಾತಾಡಿದ್ದೆ.

ಶ್ರಾವಣದಲ್ಲಿ ದುರ್ಗಾಳಿಗೆ ಜ್ವರ ಬಂತು. ಸೂಜಿ ಚುಚ್ಚಿ ಚುಚ್ಚಿ ಸೋತ ಮೈ, ತಡೆಯಲಿಲ್ಲ, ಹೋಗಿಬಿಟ್ಟಳು. ಅಂಕೋಲೆಯ ಮಾರ್ಕೆಟ್ಟಿನ ಹೆಂಗಸರು ಬುಟ್ಟಿ ಇಳಿಸಿ ಹಟ್ಟಿಕೇರಿಗೆ ನಡೆದು ಬಂದರು. ದೇವಾನಂದ ಅಳಲಿಲ್ಲ. ಅವಳ ಕಾಲ ಬಳಿ ಕೂತು, ಬಿಟ್ಟಿದ್ದೇನೆ ತಂಗೀ, ಈ ಸಲ ನಿಜವಾಗ್ಲೂ ಬಿಟ್ಟಿದ್ದೇನೆ ಎಂದು ಅಷ್ಟನ್ನೇ ಹೇಳುತ್ತಿದ್ದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಅಂಗಳಕ್ಕೆ ಬಂದುಬಿಟ್ಟೆ.

ಆಮೇಲೆ ಅವನಿಗೆ ಬೀಡಿಯೂ ಬೇಡವಾಯಿತು, ಅನ್ನವೂ ಬೇಡವಾಯಿತು. ಅಷ್ಟು ಗುದ್ದಾಡಿದರೂ ಆಗದಿದ್ದದ್ದು ತಾನಾಗಿ ಆಯಿತು. ದೀಪಾವಳಿ ಮುಗಿಯುವಷ್ಟರಲ್ಲಿ ಪ್ಯಾಂಟು ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಹಿಡಿದು ಕೊಡು ಎಂದು ತಂದ. ಅಳತೆ ತೆಗೆಯುವಾಗ ಟೇಪು ನನ್ನ ಕೈಯಲ್ಲಿ ಇನ್ನೂ ಇನ್ನೂ ಒಳಗೆ ಬಂತು. ಡಾಕ್ಟರು ಕೇಳಿದ್ದಕ್ಕಿಂತಲೂ ಇಳಿದಿದ್ದ. ಇಬ್ಬರಿಗೂ ಅದು ಗೊತ್ತಾಯಿತು, ನಾನು ಟೇಪು ಸುತ್ತಿಟ್ಟೆ. ಹೊಲಿದ ಪ್ಯಾಂಟು ಹಾಕಿಕೊಂಡು ಅವನು ಮತ್ತೆ ಟೆಂಪೊ ಹತ್ತಿದ.

ಆ ಚಳಿಗಾಲದಲ್ಲಿ ಒಂದು ದಿನ ದಾರ, ಲೈನಿಂಗ್ ಬಟ್ಟೆ ತರಲೆಂದು ಅವನ ಜೊತೆ ಕಾರವಾರಕ್ಕೆ ಹೋದೆ. ಮಾರ್ಕೆಟ್ಟಿನ ಹತ್ತಿರ ನನ್ನನ್ನು ಇಳಿಸಲಿಲ್ಲ. ಹರಕೆ ಹೊತ್ತದ್ದನ್ನು ಬಾಕಿ ಇಡಬಾರದು, ಒಂದು ಸಲ ಬಾ ಎಂದು ಕೋಡಿಬಾಗಕ್ಕೆ ಕರೆದುಕೊಂಡು ಹೋದ. ಕಾಳಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಪೂಜೆಯವನು ಎಂದಿನ ನಗೆ ನಕ್ಕು, ಬಹಳ ದಿನ ಕಾಣಲಿಲ್ಲ ಎಂದ. ದೇವಾನಂದ ಜೇಬಿನಿಂದ ಹೊಸ ಬೀಡಿ ಕಟ್ಟು, ಬೆಂಕಿಪೊಟ್ಟಣ ಎರಡನ್ನೂ ತೆಗೆದು ಅವನ ಮುಂದೆ ಹಿಡಿದ.

"ನೀವೇ ಹಚ್ಚಿ," ಎಂದ.

ಪೂಜೆಯವನಿಗೆ ಸೇದುವ ರೂಢಿ ಇರಲಿಲ್ಲ. ಬೆರಳಲ್ಲೇ ಹಿಡಿದು, ಕಡ್ಡಿ ಗೀರಿ ಗೀರಿ ಹೇಗೋ ಹತ್ತಿಸಿ ದೇವರ ಮುಂದಿಟ್ಟ. ನಾವು ನೋಡುತ್ತಿದ್ದಂತೆಯೇ ಅದು ಆರಿತು. ಮತ್ತೊಮ್ಮೆ ಹಚ್ಚಲೇ ಎಂಬಂತೆ ಅವನು ದೇವಾನಂದನ ಮುಖ ನೋಡಿದ. ದೇವಾನಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆರಿದ ಬೀಡಿಯನ್ನೇ ನೋಡುತ್ತ ನಿಂತಿದ್ದ.